ಯೇಸುವಿನ ಎರಡನೆಯ ಬರೋಣದ ತಾರೀಖು ಹೇಳುವ ಬೋಧಕರಿಗೂ ಅವರನ್ನು ಕರೆಸುವ ಸಭೆಗಳಿಗೂ ಒಂದು ಬಹಿರಂಗ ಪತ್ರ

ಇವರಿಗೆ:
ಉತ್ತರ ಕರ್ನಾಟಕದ ಸಭಾಪಾಲಕರು, ಸಭೆಯ ಹಿರಿಯರು, ಕನ್ವೆನ್ಷನ್ ಸಮಿತಿಗಳ ಪದಾಧಿಕಾರಿಗಳು ಮತ್ತು ಅಂತ್ಯಕಾಲದ ಪ್ರವಾದನೆಗಳನ್ನು ಬೋಧಿಸುವ ಎಲ್ಲ ದೇವಸೇವಕರಿಗೆ

ಕ್ರಿಸ್ತನಲ್ಲಿ ಮಾನ್ಯರೇ,

ವಂದನೆಗಳು. ನಾನು ಧಾರವಾಡ ಸೀಮೆಯ ಒಂದು ಸಭೆಯ ಸದಸ್ಯೆ. ಹೊಟ್ಟೆಪಾಡಿಗೆ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಠೇವಣಿ ವಿಭಾಗದ ಕೆಲಸ. ಭಾನುವಾರ ಸಭೆಯಲ್ಲಿ ಕೇಳಿದ ಮಾತು ಸೋಮವಾರ ನನ್ನ ಕೌಂಟರಿಗೆ ಬಂದು ನಿಂತಿದ್ದನ್ನು ಕಂಡೆ. ಅದಕ್ಕಾಗಿ ಈ ಪತ್ರ.

2025ರ ಸೆಪ್ಟೆಂಬರ್ 23 ಮತ್ತು 24ರಂದು ಸಭೆ, ಅಂದರೆ ನಂಬಿದವರ ಸಮೂಹ, ಯೇಸುವನ್ನು ಎದುರುಗೊಳ್ಳಲು ಮೇಘಗಳಲ್ಲಿ ಎತ್ತಲ್ಪಡುತ್ತದೆ ಎಂದು ದಕ್ಷಿಣ ಆಫ್ರಿಕಾದ ಒಬ್ಬ ವ್ಯಕ್ತಿ ಹೇಳಿದ್ದು ನಿಮಗೆಲ್ಲ ಗೊತ್ತು. ಯೇಸುಸ್ವಾಮಿಯೇ ದರ್ಶನದಲ್ಲಿ ತಿಳಿಸಿದರು ಎಂದು ಆತ ಹೇಳಿಕೊಂಡ. ಯೆಹೂದ್ಯರ ತುತೂರಿಗಳ ಹಬ್ಬವೂ ಅದೇ ದಿನಗಳಲ್ಲಿ ಬಿದ್ದಿತ್ತಾದ್ದರಿಂದ ಸುದ್ದಿ ಇನ್ನೂ ಜೋರಾಯಿತು. ಅದು ಹಬ್ಬಿದ ಟಿಕ್‌ಟಾಕ್ ನಮ್ಮ ದೇಶದಲ್ಲಿ ಇಲ್ಲದಿದ್ದರೇನು, ಯೂಟ್ಯೂಬ್, ವಾಟ್ಸಾಪ್ ಇವೆಯಲ್ಲ. ಕನ್ನಡ ದನಿ ಕೂರಿಸಿದ ತುಣುಕುಗಳು ನಮ್ಮ ಸ್ತ್ರೀಯರ ಪ್ರಾರ್ಥನಾ ಕೂಟದ ಗುಂಪಿಗೂ ಬಂದವು. ಅದು ಫೋನಿನಲ್ಲೇ ಉಳಿದಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಉಪವಾಸ ಪ್ರಾರ್ಥನೆ ನಡೆಸಲು ನಮ್ಮಲ್ಲಿಗೆ ಬಂದ ಬೋಧಕರೊಬ್ಬರು ಅದನ್ನು ವೇದಿಕೆಗೆ ತಂದರು. ಹೆಸರು ಬೇಡ, ಇಂಥವರು ಅವರೊಬ್ಬರೇ ಅಲ್ಲ. "ಇದೇ ದಿನ" ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಜಾಣರು. ಕರ್ತನು ತನ್ನ ದಾಸರಾದ ಪ್ರವಾದಿಗಳಿಗೆ ತಿಳಿಸದೆ ಏನನ್ನೂ ಮಾಡುವುದಿಲ್ಲ ಎಂಬ ಆಮೋಸನ ಮಾತನ್ನು ಓದಿದರು. ಹಿಂದೆಯೇ ಆ ತಾರೀಖನ್ನು ಜನರ ಬಾಯಿಂದಲೇ ಮತ್ತೆ ಮತ್ತೆ ಹೇಳಿಸಿದರು. ಆಮೇಲೆ "ಕಡೇ ಸುಗ್ಗಿ"ಯ ಹೆಸರಲ್ಲಿ ಕಾಣಿಕೆ ಚೀಲ ತಿರುಗಿತು.

ಸೆಪ್ಟೆಂಬರ್ ಮೊದಲ ವಾರ ನಮ್ಮ ಸಭೆಯ ಗಂಡಹೆಂಡತಿ ಸಂಘಕ್ಕೆ ಬಂದರು. ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಅಕ್ಕಾರ, ಎಫ್‌ಡಿ ಮುರೀಬೇಕಾಗಿತ್ರಿ" ಅಂದ ಆತ. ಮುದ್ದತು ಮುಗಿಯುವುದು ಮಾರ್ಚಿಗೆ, ಈಗ ಮುರಿದರೆ ಬಡ್ಡಿಯಲ್ಲಿ ಕಡಿತ ಆಗುತ್ತದೆ ಎಂದೆ. "ಮಾರ್ಚಿಗೆ ನಾವು ಇಲ್ಲೆಲ್ಲಿ ಇರ್ತೇವ್ರೀ ಅಕ್ಕಾರ" ಎಂದು ನಕ್ಕ. ಹೆಂಡತಿ ನಗಲಿಲ್ಲ. ಆಕೆ ಪ್ಲಾಸ್ಟಿಕ್ ಕವರಿನಿಂದ ಠೇವಣಿ ರಸೀದಿ ತೆಗೆದು, ಮಡಿಕೆ ಬಿಡಿಸಿ, ಅಂಗೈಯಿಂದ ಒತ್ತಿ ಸಾಪು ಮಾಡಿ ನನ್ನ ಮುಂದಿಟ್ಟಳು. ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಮಗಳ ಹೆಸರು, ಅದರ ಮುಂದೆ "ನರ್ಸಿಂಗ್" ಎಂದು ಬರೆದಿತ್ತು. ಅರ್ಜಿಯಲ್ಲಿ ಕಾರಣ ಬರೆಯುವ ಜಾಗವೊಂದಿದೆ. ಅಲ್ಲಿ "ಮನೆ ಖರ್ಚು" ಅಂತ ಬರೆದರು. ದುಡ್ಡಿನ ದೊಡ್ಡ ಪಾಲು ಆ ಬೋಧಕರ ಸೇವೆಗೆ ಹೋಯಿತು, ಸ್ವಲ್ಪ ಕರಪತ್ರ ಅಚ್ಚು ಹಾಕಿಸಲು.

23 ಮಂಗಳವಾರ, 24 ಬುಧವಾರ. ಎರಡೂ ಕಳೆದವು. 28ರ ಭಾನುವಾರ ನಮ್ಮ ಸಭೆಯಲ್ಲಿ ಆ ವಿಷಯ ಯಾರೂ ಎತ್ತಲಿಲ್ಲ. ಬೋಧಕರ ಚಾನೆಲಿನಲ್ಲಿದ್ದ ಹಳೆಯ ವಿಡಿಯೊ ಮಾಯವಾಗಿತ್ತು. ಹೊಸದೊಂದು ಬಂದಿತ್ತು: ದೇವರು ಕೃಪೆಯ ಕಾಲವನ್ನು ವಿಸ್ತರಿಸಿದ್ದಾನಂತೆ. ಕಾಣಿಕೆಯ ಮಾತು ಅದರಲ್ಲಿ ಇರಲಿಲ್ಲ. ಆ ಹುಡುಗಿ ಈ ವರ್ಷ ಕಾಲೇಜು ಸೇರಲಿಲ್ಲ, ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ.

ನಾನು ಬರೋಣವನ್ನು ನಂಬದವಳು ಎಂದು ದಯವಿಟ್ಟು ಯಾರೂ ಬರೆದುಕೊಳ್ಳಬೇಡಿ. ಆತನು ಜೀವಂತರಿಗೂ ಸತ್ತವರಿಗೂ ನ್ಯಾಯ ತೀರಿಸಲು ಬರುತ್ತಾನೆಂದು ವಿಶ್ವಾಸಪ್ರಮಾಣದಲ್ಲಿ ಎದ್ದುನಿಂತು ಹೇಳುವವಳೇ ನಾನೂ. ನನ್ನ ತಕರಾರು ಒಂದೇ. ತಾರೀಖು ಹೇಳಿದವರಿಗೆ ಏನೂ ನಷ್ಟವಿಲ್ಲ, ಕೇಳಿದವರಿಗೆ ಎಲ್ಲ ನಷ್ಟ. ಇದು ಇಂದು ನಿನ್ನೆಯದೂ ಅಲ್ಲ.

ದಕ್ಷಿಣ ಕೊರಿಯಾದಲ್ಲಿ ಲೀ ಜಾಂಗ್ ರಿಮ್ ಎಂಬ ಬೋಧಕ 1992ರ ಅಕ್ಟೋಬರ್ 28ಕ್ಕೆ ಎತ್ತಲ್ಪಡುವಿಕೆ ಎಂದು ಸಾರಿದ. ಜನ ಕೆಲಸ ಬಿಟ್ಟರು, ಮನೆ ಮಾರಿದರು. ದಿನ ಬರುವ ಮೊದಲೇ ಪೊಲೀಸರು ಆತನನ್ನು ವಂಚನೆಗಾಗಿ ಹಿಡಿದರು. ಭಕ್ತರ ದುಡ್ಡಿನಲ್ಲಿ ಆತ ಬಾಂಡುಗಳನ್ನು ಕೊಂಡಿದ್ದು ಬಯಲಾಯಿತು. ಅವುಗಳ ಮುದ್ದತು ಮುಗಿಯುವುದು 1993ರ ಮೇ ತಿಂಗಳಲ್ಲಿ. ಠೇವಣಿ ವಿಭಾಗದಲ್ಲಿ ಕೂತವಳಾಗಿ ಹೇಳುತ್ತೇನೆ, ಮನುಷ್ಯ ನಿಜವಾಗಿ ಏನು ನಂಬುತ್ತಾನೆ ಎಂಬುದು ಆತನ ಮುದ್ದತಿನ ತಾರೀಖಿನಲ್ಲಿ ಇರುತ್ತದೆ. ಅಮೆರಿಕದ ಹೆರಾಲ್ಡ್ ಕ್ಯಾಂಪಿಂಗ್ 1994ಕ್ಕೆ ಒಮ್ಮೆ ಹೇಳಿ ತಪ್ಪಿ, 2011ರ ಮೇ 21 ಎಂದರು. ಅದೂ ಹುಸಿಯಾಯಿತು. ಆಗ ಅಕ್ಟೋಬರ್ 21 ಎಂದರು. ನ್ಯೂಯಾರ್ಕಿನ ಒಬ್ಬ ನಿವೃತ್ತ ಸಾರಿಗೆ ನೌಕರ ತನ್ನ ಉಳಿತಾಯದ 1,40,000 ಡಾಲರುಗಳನ್ನು ಆ ಮೇ ತಿಂಗಳ ಜಾಹೀರಾತಿಗೆ ಸುರಿದಿದ್ದ. ಕ್ಯಾಂಪಿಂಗ್ ಅವರ ಪರವಾಗಿ ಒಂದು ಮಾತು ಹೇಳಬೇಕು: 2012ರಲ್ಲಿ ಅವರು ಬಹಿರಂಗ ಪತ್ರ ಬರೆದು, ತಾರೀಖು ಹೇಳಿದ್ದು ಪಾಪ ಎಂದು ಒಪ್ಪಿಕೊಂಡರು. ಅಷ್ಟನ್ನಾದರೂ ಮಾಡಿದವರು ನಮ್ಮಲ್ಲಿ ಯಾರಿದ್ದಾರೆ? ಅದಕ್ಕೂ ಹಿಂದೆ ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ಅನುಯಾಯಿಗಳು 1844ರ ಅಕ್ಟೋಬರ್ 22ಕ್ಕೆ ಕಾದರು. ಕೆಲವರು ಬೆಳೆ ಕೊಯ್ಯದೆ ಹೊಲದಲ್ಲೇ ಬಿಟ್ಟಿದ್ದರು. "ಆ ದಿನವೂ ಆ ಗಳಿಗೆಯೂ ತಂದೆಗೆ ಹೊರತು ಯಾರಿಗೂ ತಿಳಿಯದು" ಎಂಬ ಮತ್ತಾಯ 24ರ ಮಾತು ಇವರೆಲ್ಲರ ಬೈಬಲಿನಲ್ಲೂ ಇತ್ತು.

ತಾರೀಖಿನ ಜೊತೆಗೇ ಬರುವುದು ಕ್ರಿಸ್ತವಿರೋಧಿ, ಅಂದರೆ ಅಂತ್ಯಕಾಲದಲ್ಲಿ ಕ್ರಿಸ್ತನಿಗೆ ಎದುರು ನಿಲ್ಲುವವನು, ಯಾರೆಂಬ ಪ್ರಶ್ನೆ. ಕನ್ವೆನ್ಷನ್ ಬ್ಯಾನರಿನಲ್ಲಿ ಇದಕ್ಕಿಂತ ಹೆಚ್ಚು ಜನ ಸೇರಿಸುವ ತಲೆಬರಹ ಇನ್ನೊಂದಿಲ್ಲ. ವೇದಿಕೆಯ ಮೇಲೆ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 13ನೇ ಅಧ್ಯಾಯದ ಮೃಗ, ದಾನಿಯೇಲನ ಚಿಕ್ಕ ಕೊಂಬು, ಥೆಸಲೋನಿಕದವರಿಗೆ ಪೌಲನು ಬರೆದ ಅಧರ್ಮಸ್ವರೂಪ, ಇವೆಲ್ಲ ಒಬ್ಬನೇ ಮನುಷ್ಯನಾಗಿ ಕೋಟು ಟೈ ಹಾಕಿಕೊಂಡು ಪರದೆಯ ಮೇಲೆ ಮೂಡುತ್ತಾನೆ. ಆದರೆ ಕ್ರಿಸ್ತವಿರೋಧಿಯ ಹೆಸರೆತ್ತಿ ಬರೆದವನು ಯೋಹಾನನೊಬ್ಬನೇ, ಅದೂ ಸಭೆಗಳಿಗೆ ಬರೆದ ತನ್ನ ಪತ್ರಗಳಲ್ಲಿ. ಈಗಾಗಲೇ ಅನೇಕರು ಎದ್ದಿದ್ದಾರೆ, ಅವರು ನಮ್ಮೊಳಗಿಂದಲೇ ಹೊರಟವರು ಎಂದು ಅಲ್ಲಿ ಬರೆದಿದೆ. ನಮ್ಮೊಳಗಿಂದಲೇ ಎಂಬ ಭಾಗವನ್ನು ಯಾವ ಬೋಧಕರೂ ಬ್ಯಾನರಿಗೆ ಹಾಕಿಸಿದ್ದನ್ನು ನಾನು ನೋಡಿಲ್ಲ.

ಸುಮಾರು 180ನೇ ಇಸವಿಯಲ್ಲಿ ಲಿಯಾನ್ ಪಟ್ಟಣದ ಬಿಷಪ್ ಐರೇನಿಯಸ್, ಪ್ರಕಟನೆಯಲ್ಲಿ ಮೃಗದ ಸಂಖ್ಯೆ ಎಂದಿರುವ 666ಕ್ಕೆ ಹೊಂದುವ ಕೆಲವು ಹೆಸರುಗಳನ್ನು ಲೆಕ್ಕ ಹಾಕಿ ನೋಡಿದ. ಕೊನೆಗೆ ಆತ ಹೇಳಿದ್ದು: ಆ ಹೆಸರು ಈ ಕಾಲದಲ್ಲಿ ಗೊತ್ತಾಗಬೇಕಿದ್ದರೆ ದರ್ಶನ ಕಂಡ ಯೋಹಾನನೇ ಹೇಳಿರುತ್ತಿದ್ದ, ಊಹೆ ಮಾಡುವುದಕ್ಕಿಂತ ಕಾಯುವುದೇ ಕ್ಷೇಮ. ದರ್ಶನದ ಕಾಲಕ್ಕೆ ನಮಗಿಂತ ಎಷ್ಟೋ ಹತ್ತಿರವಿದ್ದವನ ಸಂಯಮ ಅದು. ಎರಡು ಶತಮಾನ ಕಳೆದ ಮೇಲೆ ಉತ್ತರ ಆಫ್ರಿಕಾದ ಬಿಷಪ್ ಅಗಸ್ಟಿನ್, ಅಧರ್ಮಸ್ವರೂಪನ ಬಗ್ಗೆ ಪೌಲ ಬರೆದ ಭಾಗದ ಅರ್ಥ ತನಗೆ ತಿಳಿಯದು ಎಂದು ನೇರವಾಗಿ ಒಪ್ಪಿಕೊಂಡ. ಇಂದಿನ ಬಹುಪಾಲು ವಿದ್ವಾಂಸರು 666ರಲ್ಲಿ ಕಾಣುವುದು ಕ್ರೈಸ್ತರನ್ನು ಹಿಂಸಿಸಿದ ನೀರೋ ಚಕ್ರವರ್ತಿಯನ್ನು. ಹೀಬ್ರೂವಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಅಂಕಿಯಿದೆ; "ನೇರೋನ್ ಕೈಸರ" ಎಂದು ಬರೆದು ಕೂಡಿಸಿದರೆ 666, ನೇರೋನ್ ಎಂಬುದರ ಕೊನೆಯ ಅಕ್ಷರ ಬಿಟ್ಟರೆ 616. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ 616 ಎಂದೇ ಇದೆ. ಚಕ್ರವರ್ತಿಯ ಪ್ರತಿಮೆಗೆ ಧೂಪ ಹಾಕದಿದ್ದರೆ ಬದುಕು ಕಷ್ಟವಾಗಿದ್ದ ಏಷ್ಯಾ ಸೀಮೆಯ ಸಭೆಗಳಿಗೆ ಬಂದ ಪತ್ರ ಪ್ರಕಟನೆ. ಅವರಿಗೆ ಮೊದಲು ಅರ್ಥವಾಗಬೇಕಿತ್ತಲ್ಲವೇ? ಅವರಿಗೆ ತಿಳಿಯದ ಕ್ಯೂಆರ್ ಕೋಡನ್ನು ಕುರಿತು ಯೋಹಾನ ಅವರಿಗೇಕೆ ಬರೆದಾನು?

ಆಮೇಲೆ ಬಂದ ಹೆಸರುಗಳ ಸಾಲು ದೊಡ್ಡದು. ಪ್ರೊಟೆಸ್ಟಂಟ್ ಸುಧಾರಕ ಲೂಥರನಿಗೆ ಪೋಪರ ಪೀಠವೇ ಕ್ರಿಸ್ತವಿರೋಧಿ. ಅದಕ್ಕೆ ಉತ್ತರವೆಂಬಂತೆ 16ನೇ ಶತಮಾನದ ಕೊನೆಯಲ್ಲಿ ರಿಬೇರಾ ಎಂಬ ಸ್ಪೇನಿನ ಜೆಸ್ವಿಟ್ ಪಾದ್ರಿ, ಕ್ರಿಸ್ತವಿರೋಧಿ ಇನ್ನೂ ಬಂದಿಲ್ಲ, ಲೋಕಾಂತ್ಯದ ಹೊತ್ತಿಗೆ ಸ್ವಲ್ಪ ಕಾಲ ಆಳುವ ಒಬ್ಬ ವ್ಯಕ್ತಿ ಆತ ಎಂದು ವಾದಿಸಿದ. ನಮ್ಮ ಬೋಧಕರು ಇಂದು ಹೇಳುವುದು ಹೆಚ್ಚುಕಡಿಮೆ ಇದನ್ನೇ, ಪೋಪರನ್ನು ಬೈಯುತ್ತಲೇ! ನೆಪೋಲಿಯನ್, ಮುಸೊಲಿನಿ, ಹಿಟ್ಲರ್, ಹಣೆಯ ಮೇಲೆ ಮಚ್ಚೆಯಿದ್ದ ಗೊರ್ಬಚೇವ್, ಎಲ್ಲರ ಸರದಿಯೂ ಬಂದು ಹೋಯಿತು. ಅಮೆರಿಕದ ಅಧ್ಯಕ್ಷರಾಗಿದ್ದ ರೊನಾಲ್ಡ್ ವಿಲ್ಸನ್ ರೇಗನ್ ಹೆಸರಿನ ಮೂರೂ ಪದಗಳಿಗೆ ಇಂಗ್ಲಿಷಿನಲ್ಲಿ ಆರಾರು ಅಕ್ಷರವೆಂದು ಅವರನ್ನೂ ಬಿಡಲಿಲ್ಲ. ರೇಗನ್ ದಂಪತಿ ನಿವೃತ್ತಿಯ ಮೇಲೆ ಹೋಗಲಿದ್ದ ಮನೆಯ ಸಂಖ್ಯೆ 666 ಇದ್ದುದನ್ನು 668 ಮಾಡಿಸಿಕೊಂಡರು ಎಂಬುದು ಮಾತ್ರ ನಿಜ. 1981ರಲ್ಲಿ ಗ್ರೀಸ್ ಸೇರಿ ಯುರೋಪಿನ ಕೂಟಕ್ಕೆ 10 ಸದಸ್ಯರಾದಾಗ, ಮೃಗದ ಹತ್ತು ಕೊಂಬು ಸಿಕ್ಕಿತೆಂದು ಸಂಭ್ರಮಿಸಿದವರು ಉಂಟು. ಈಗ ಅಲ್ಲಿ 27 ದೇಶಗಳಿವೆ. ಹೆಚ್ಚಾದ ಹದಿನೇಳು ಕೊಂಬುಗಳ ಲೆಕ್ಕ ಯಾರೂ ಕೊಟ್ಟಿಲ್ಲ.

ನಗಬಹುದು. ಆದರೆ ಮೃಗದ ಗುರುತಿನ, ಅಂದರೆ ಅದಿಲ್ಲದೆ ಯಾರೂ ಕೊಳ್ಳಲು ಮಾರಲು ಆಗದು ಎಂದು ಪ್ರಕಟನೆ ಹೇಳುವ ಗುರುತಿನ ಮಾತು ಬಡವರ ಮನೆ ಬಾಗಿಲಿಗೆ ಬಂದಾಗ ನಗು ನಿಲ್ಲುತ್ತದೆ. ಮಿಜೋರಾಂನಲ್ಲಿ ಕೆಲವು ಕ್ರೈಸ್ತ ಗುಂಪುಗಳು ಆಧಾರ್ ಮಾಡಿಸಲು ಒಪ್ಪಲಿಲ್ಲ. ಕೋವಿಡ್ ಕಾಲದಲ್ಲಿ ಲಸಿಕೆಯೇ ಗುರುತು ಎಂಬ ಸಂದೇಶ ನಮ್ಮ ಮುದುಕರ ಫೋನುಗಳಿಗೂ ಬಂತು. 2025ರ ಸೆಪ್ಟೆಂಬರ್ 22ರಂದು ರಾಜ್ಯ ಸರ್ಕಾರದ ಮನೆಮನೆ ಸಮೀಕ್ಷೆ ಶುರುವಾಯಿತಲ್ಲ, ಅದಕ್ಕೂ ಮುಂಚೆ ಮನೆ ಬಾಗಿಲಿಗೆ ಅಂಟಿಸಿದ ಚೀಟಿಯ ಅಂಕಿಗಳನ್ನು ಕೂಡಿಸಿ ನೋಡಿದವರು ನಮ್ಮ ಓಣಿಯಲ್ಲಿದ್ದರು. ಸಮೀಕ್ಷೆಗೆಂದು ಶಾಲೆಯ ಮೇಡಂ ಬಂದು ಬಾಗಿಲು ಬಡಿದರೆ ಒಳಗಿನಿಂದ ಓಗೊಡದವರೂ ಇದ್ದರು. ಇದರ ಕೊನೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಕೆನ್ಯಾದ ಶಕಹೋಲಾ ಕಾಡು ಸಾಕ್ಷಿ. ಸರ್ಕಾರದ ಗುರುತಿನ ಸಂಖ್ಯೆ ಸೈತಾನನದು ಎಂದು 2019ರಲ್ಲೇ ಬೋಧಿಸುತ್ತಿದ್ದ ಒಬ್ಬ ಪಾಸ್ಟರನ ಹಿಂಬಾಲಕರು, ಯೇಸುವನ್ನು ಕಾಣಲು ಉಪವಾಸ ಬಿದ್ದು ಆ ಕಾಡಿನಲ್ಲಿ ಸತ್ತರು. 2023ರಲ್ಲಿ ಅಲ್ಲಿ 400ಕ್ಕೂ ಹೆಚ್ಚು ಶವಗಳನ್ನು ಅಗೆದು ತೆಗೆದರು, ಅವುಗಳಲ್ಲಿ ಮಕ್ಕಳ ಶವಗಳೂ ಬಹಳ. ಆ ಪಾಸ್ಟರನ ಮೇಲೆ ಮೊಕದ್ದಮೆ ನಡೆಯಿತು. ನಮ್ಮ ಬೋಧಕರು ಅಂಥವರು ಎಂದು ನಾನು ಹೇಳುತ್ತಿಲ್ಲ. ಸರ್ಕಾರಿ ಸಂಖ್ಯೆಗೆ ಹೆದರಿಸುವ ಮೊದಲ ಪಾಠ ಎರಡೂ ಕಡೆ ಒಂದೇ ಎಂದು ಹೇಳುತ್ತಿದ್ದೇನೆ.

ಈಗ ನಿಮ್ಮ ಬೋಧನೆಯ ಒಳಗಿನ ಮಾತು. ಗುಟ್ಟಾಗಿ ಎತ್ತಲ್ಪಡುವಿಕೆ, ಆಮೇಲೆ ಏಳು ವರ್ಷದ ಮಹಾ ಸಂಕಟ, ಕ್ರಿಸ್ತವಿರೋಧಿ ಇಸ್ರಾಯೇಲಿನೊಡನೆ ಮಾಡುವ ಒಡಂಬಡಿಕೆ, ಆಮೇಲೆ ಸಾವಿರ ವರ್ಷದ ಆಳ್ವಿಕೆ. ಈ ಪಟ್ಟಿಯನ್ನು ಅಪೊಸ್ತಲರ ಕಾಲದಿಂದ ಹಾಗೆಯೇ ಬಂದದ್ದೆಂಬಂತೆ ನಮಗೆ ಕಲಿಸಿದ್ದೀರಿ. ಇದನ್ನು ಹೀಗೆ ಜೋಡಿಸಿದವನು 19ನೇ ಶತಮಾನದ ಬೋಧಕ ಜಾನ್ ನೆಲ್ಸನ್ ಡಾರ್ಬಿ. ಮನೆಮನೆಗೆ ಮುಟ್ಟಿಸಿದ್ದು 1909ರಲ್ಲಿ ಬಂದ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳು. ಏಳು ವರ್ಷದ ಲೆಕ್ಕ ಹುಟ್ಟುವುದು ದಾನಿಯೇಲ 9ರಲ್ಲಿ. ಅಲ್ಲಿ 70 ವಾರಗಳಿವೆ, ವಾರವೊಂದಕ್ಕೆ ಏಳು ವರ್ಷ. 69 ವಾರಗಳು ಕ್ರಿಸ್ತನ ಕಾಲಕ್ಕೆ ಮುಗಿದವು, ಆಮೇಲೆ ದೇವರ ಗಡಿಯಾರ ನಿಂತಿದೆ, ಉಳಿದ ಒಂದು ವಾರ ಇನ್ನು ಮುಂದೆ ಎಂಬುದು ಈ ಪಂಥದ ವಿವರಣೆ. ನಿಂತ ಗಡಿಯಾರದ ಮಾತು ದಾನಿಯೇಲನಲ್ಲಿ ಎಲ್ಲಿದೆ ಎಂದು ನಾನು ಸಂಡೇ ಸ್ಕೂಲ್ ಟೀಚರಾಗಿದ್ದಾಗ ಕೇಳಿದ್ದೆ. "ಆತ್ಮದಲ್ಲಿ ಓದಬೇಕಮ್ಮಾ" ಎಂಬ ಉತ್ತರ ಸಿಕ್ಕಿತು. ದಾನಿಯೇಲನ ಈ ಭಾಗದಲ್ಲಿ ಯೆರೂಸಲೇಮಿನ ದೇವಾಲಯವನ್ನು ಕ್ರಿಸ್ತಪೂರ್ವ 167ರಲ್ಲಿ ಹೊಲಸು ಮಾಡಿದ ಅಂತಿಯೋಕ ಅರಸನನ್ನು ಕಾಣುವವರಿದ್ದಾರೆ. ಸಾವಿರ ವರ್ಷ ಎಂದರೆ ಈಗಿನ ಸಭೆಯ ಕಾಲವೇ ಎಂದು ಅಗಸ್ಟಿನ್ ಹೇಳಿದ. ಇವರೂ ಬೈಬಲ್ ಓದಿದವರೇ, ಬರೋಣವನ್ನು ನಂಬಿದವರೇ. ಡಾರ್ಬಿಯ ದಾರಿ ತಪ್ಪೆಂದು ತೀರ್ಪು ಕೊಡಲು ನಾನು ಯಾರು? ಹಲವು ದಾರಿಗಳಲ್ಲಿ ಅದೊಂದು ಎಂದು ನೀವು ಹೇಳಿದರೆ ಸಾಕು.

ನಮ್ಮ ನಾಡಿನ ಸಭೆಗಳಿಗೆ ಈ ವಿಷಯದಲ್ಲಿ ಒಂದು ಹಳೆಯ ನೆನಪಿದೆ, ನಾವೇ ಮರೆತಿದ್ದೇವೆ. ಜರ್ಮನಿಯ ವುರ್ಟೆಂಬರ್ಗ್ ಪ್ರಾಂತ್ಯದ ಭಕ್ತಿಪಂಥಕ್ಕೆ ಗುರುವಿನಂತಿದ್ದವನು ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್. ಗ್ರೀಕ್ ಹೊಸ ಒಡಂಬಡಿಕೆಯ ಹಸ್ತಪ್ರತಿಗಳನ್ನು ಹೋಲಿಸಿ 1734ರಲ್ಲಿ ಪರಿಷ್ಕರಿಸಿ ಕೊಟ್ಟ ದೊಡ್ಡ ಪಂಡಿತ. ಅಂಥವನೂ ಪ್ರಕಟನೆಯ ಅಂಕಿಗಳನ್ನು ಗುಣಿಸಿ ಭಾಗಿಸಿ, 1836ರಲ್ಲಿ ಮೃಗ ಬೀಳುತ್ತದೆ, ಸಾವಿರ ವರ್ಷದ ಕಾಲ ಶುರುವಾಗುತ್ತದೆ ಎಂದ. ಅದನ್ನು ನಂಬಿ ವುರ್ಟೆಂಬರ್ಗಿನ ಎಷ್ಟೋ ಕುಟುಂಬಗಳು ಮನೆಮಾರು ಮಾರಿ ರಷ್ಯಾದ ಕಡೆಗೆ, ಕಾಕಸಸ್ ಸೀಮೆಗೆ ವಲಸೆ ಹೋದವು. ಅದೇ ಭಕ್ತಿಪಂಥದ ನೆಲದಿಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿಗೂ ಜನ ಬಂದರು. ಮಿಷನ್ನಿನ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. ವುರ್ಟೆಂಬರ್ಗಿನವನೇ ಆದ ಹರ್ಮನ್ ಮೊಗ್ಲಿಂಗ್ ಬಂದದ್ದು ಸರಿಯಾಗಿ 1836ರಲ್ಲಿ. ಮರುವರ್ಷ ಧಾರವಾಡದಲ್ಲಿ ಮಿಷನ್ ಠಾಣೆ ತೆರೆಯಿತು.

1836 ಬಂತು, ಹೋಯಿತು. ಮೃಗ ಬೀಳಲಿಲ್ಲ. ಮೊಗ್ಲಿಂಗ್ ಕನ್ನಡ ಕಲಿತ, ದಾಸರ ಪದಗಳನ್ನು ಸಂಗ್ರಹಿಸಿದ, 1843ರ ಜುಲೈ 1ರಂದು "ಮಂಗಳೂರ ಸಮಾಚಾರ" ಹೊರಡಿಸಿದ. ಛಾಪಖಾನೆ ಬಂತು, ಶಾಲೆಗಳು ಬಂದವು, 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ಕಿಟೆಲ್ ವರ್ಷಗಟ್ಟಲೆ ಕೂತು 1894ರಲ್ಲಿ ನಿಘಂಟು ಮುಗಿಸಿದ. ಅವರ ಬೋಧನೆಯಲ್ಲಿ, ನಡವಳಿಕೆಯಲ್ಲಿ ನಾವು ಒಪ್ಪದ್ದು ಸಾಕಷ್ಟಿರಬಹುದು, ಅದು ಬೇರೆ ಮಾತು. ಬರೋಣವನ್ನು ಎದುರು ನೋಡುವವರು ನಿಘಂಟನ್ನೂ ಬರೆಯಬಹುದು, ಹುಡುಗಿಯರಿಗೆ ಓದನ್ನೂ ಕಲಿಸಬಹುದು ಎಂಬುದಕ್ಕೆ ಅವರು ಕಟ್ಟಿದ ಶಾಲೆಗಳೇ ಪುರಾವೆ. ಆ ಶಾಲೆಯೊಂದರಲ್ಲಿ ಓದಿದ ಅಜ್ಜಿಯ ಮೊಮ್ಮಗಳು ನಾನು. ನನ್ನ ಕೌಂಟರಿನಲ್ಲಿ ಮುರಿದ ಆ ಎಫ್‌ಡಿ ಇನ್ನೊಬ್ಬ ಹುಡುಗಿಯ ಓದಿನದು. ನನಗೆ ಸಂಕಟವಾಗುವುದು ಇದಕ್ಕೇ.

ಥೆಸಲೋನಿಕದ ಸಭೆಯಲ್ಲೂ ಹೀಗೇ ಆಗಿತ್ತು. ಕರ್ತನ ದಿನ ಬಂದೇಬಿಟ್ಟಿತು ಎಂಬ ಗುಲ್ಲು, ಅದೇ ಸಭೆಯಲ್ಲಿ ಕೆಲಸ ಮಾಡದೆ ತಿರುಗುವವರು. ಯಾರೇ ಹೇಳಿದರೂ ಬೇಗ ಕದಲಬೇಡಿ ಎಂದು ಪೌಲ ಬರೆದ. ಅದೇ ಪತ್ರದ ಕೊನೆಯ ಅಧ್ಯಾಯದಲ್ಲಿ, ದುಡಿದು ನಿಮ್ಮ ಅನ್ನ ನೀವು ಉಣ್ಣಿರಿ ಎಂದ. ಮೊದಲ ಭಾಗದ ಮೇಲೆ ಗಂಟೆಗಟ್ಟಲೆ ಪ್ರಸಂಗ ಮಾಡುವವರು ಎರಡನೆಯದಕ್ಕೆ ಬರುವಷ್ಟರಲ್ಲಿ ಊಟದ ಗಂಟೆ ಬಾರಿಸಿರುತ್ತದೆ.

ಸಭಾಪಾಲಕರೇ, ನನ್ನ ಬಿನ್ನಹ ಮೊದಲು ನಿಮಗೆ. ಹೊರಗಿನ ಬೋಧಕರನ್ನು ಕರೆಸುವ ಮುಂಚೆ ಅವರು ಹಿಂದೆ ಯಾವ ತಾರೀಖು, ಯಾರ ಹೆಸರು ಹೇಳಿದ್ದರೆಂದು ವಿಚಾರಿಸಿ. ಧರ್ಮೋಪದೇಶಕಾಂಡ 18 ಅದಕ್ಕೆ ಸರಳ ಪರೀಕ್ಷೆ ಕೊಟ್ಟಿದೆ: ಹೇಳಿದ್ದು ನಡೆಯದಿದ್ದರೆ ಅದು ಕರ್ತನ ಮಾತಲ್ಲ, ಅವನಿಗೆ ಹೆದರಬೇಕಿಲ್ಲ. ಆಧಾರ್, ರೇಷನ್ ಕಾರ್ಡ್, ಲಸಿಕೆ, ಸಮೀಕ್ಷೆಯ ಚೀಟಿ ಇವು ಮೃಗದ ಗುರುತಲ್ಲ ಎಂದು ನಿಮ್ಮ ಬಾಯಿಂದಲೇ ಪ್ರಸಂಗಪೀಠದಲ್ಲಿ ಒಮ್ಮೆ ಹೇಳಿ. ನಾನು ಹೇಳಿದರೆ ಅದು ಬ್ಯಾಂಕಿನವರ ಮಾತಾಗುತ್ತದೆ. ಪೋಪರನ್ನೋ ಯಾವುದೋ ನಾಯಕರನ್ನೋ ವೇದಿಕೆಯಲ್ಲಿ ಕ್ರಿಸ್ತವಿರೋಧಿ ಎನ್ನಲು ಬಿಡಬೇಡಿ. 2011ರ ಜನಗಣತಿಯಂತೆ ಈ ರಾಜ್ಯದಲ್ಲಿ ನಾವು ನೂರಕ್ಕೆ ಇಬ್ಬರೂ ಇಲ್ಲ. ನಮ್ಮ ಮನೆಯ ಸಾವಿಗೆ ಹೆಗಲು ಕೊಡಲು ಬರುವವರಲ್ಲಿ ಕ್ಯಾಥೊಲಿಕರೂ ಇದ್ದಾರೆ, ಆ ನಾಯಕರಿಗೆ ವೋಟು ಹಾಕಿದವರೂ ಇದ್ದಾರೆ.

ಬೋಧಕರೇ, ನಿಮ್ಮಲ್ಲಿ ಕೇಳುವುದು ಎರಡು. ತಾರೀಖು ಹೇಳಲೇಬೇಕೆಂದು ಆತ್ಮ ಒತ್ತಾಯಿಸಿದರೆ, ಆ ತಾರೀಖಿನ ಮರುದಿನ ಅದೇ ವೇದಿಕೆಗೆ, ಅದೇ ಜನರ ಮುಂದೆ ಬರುವುದಾಗಿ ಸಮಿತಿಗೆ ಬರೆದುಕೊಡಿ. ವಿಡಿಯೊ ಅಳಿಸಬೇಡಿ. ಮತ್ತೆ, ಅಂತ್ಯಕಾಲದ ಹೆಸರಿನಲ್ಲಿ ಎತ್ತಿದ ಕಾಣಿಕೆಯ ಲೆಕ್ಕ ಕೊಡಿ. ಠೇವಣಿ ಮುರಿಸಿ, ಒಡವೆ ಅಡವಿಟ್ಟು ಕೊಟ್ಟವರು ಕೇಳಿದರೆ ತಿರುಗಿ ಕೊಡಿ. ಜಕ್ಕಾಯನು ನಾಲ್ಕರಷ್ಟು ಕೊಡುತ್ತೇನೆಂದ. ನಾವು ಅಸಲು ಕೇಳುತ್ತಿದ್ದೇವೆ.

ನಮ್ಮ ಭಾಗದ ಮುಂದಿನ ಕನ್ವೆನ್ಷನ್ನಿಗೆ ಬ್ಯಾನರ್ ಆಗಲೇ ಸಿದ್ಧವಾಗಿದೆ, "ಕ್ರಿಸ್ತವಿರೋಧಿ ಹುಟ್ಟಿದ್ದಾನೆ" ಎಂಬ ತಲೆಬರಹದಲ್ಲಿ. ಪ್ರತಿ ವರ್ಷದಂತೆ ಈ ವರ್ಷವೂ ಸ್ತ್ರೀಯರ ಕೂಟದಿಂದ ಚಂದಾ ಎತ್ತುವ ರಸೀದಿ ಪುಸ್ತಕವನ್ನು ಸಮಿತಿಯವರು ನನಗೆ ಕೊಟ್ಟಿದ್ದಾರೆ. ಮೇಲಿನ ಮಾತುಗಳಿಗೆ ಸಮಿತಿಯ ಉತ್ತರ ಬರಹದಲ್ಲಿ ಬರುವ ತನಕ ನಾವು ಒಂದು ರಸೀದಿಯನ್ನೂ ಹರಿಯುವುದಿಲ್ಲ. ಕೂಟದ ಸದಸ್ಯೆಯರು ಇದಕ್ಕೆ ಒಪ್ಪಿ ಸಹಿ ಹಾಕಿದ್ದಾರೆ, ಅದರ ಪ್ರತಿ ಕಾರ್ಯದರ್ಶಿಯವರಿಗೆ ಮುಟ್ಟಿದೆ.

ಹೆಸರು ಹಾಕಿದರೆ ಆ ಕುಟುಂಬ ಯಾವುದೆಂದು ಊರಿಗೆಲ್ಲ ತಿಳಿದುಬಿಡುತ್ತದೆ, ಆದ್ದರಿಂದ ಹಾಕಿಲ್ಲ. ಪಾಲಕರು ಯಾರಾದರೂ ಕರೆದರೆ ಖುದ್ದಾಗಿ ಬಂದು ಮಾತಾಡಲು ಸಿದ್ಧಳಿದ್ದೇನೆ.

ಕರ್ತನಲ್ಲಿ ನಿಮ್ಮ ಸಹೋದರಿ,
ಧಾರವಾಡ ಸೀಮೆಯ ಒಬ್ಬ ಸಭಾಸದಸ್ಯೆ